ನನ್ನ ಎಮ್ಮಿ ಪಟ್ಟಿಯಲ್ಲಿ ಎಲ್ಲ ಹೆಸರೂ 'ಪೋಷಕ'ರದ್ದೇ

ಪ್ರತಿ ವರ್ಷ ಜುಲೈ ತಿಂಗಳಲ್ಲಿ ಅಮೆರಿಕದಿಂದ ಒಂದು ಪಟ್ಟಿ ಹೊರಬೀಳುತ್ತದೆ. ಅಲ್ಲಿನ ಟಿವಿ ಲೋಕದ ಅತಿ ದೊಡ್ಡ ಪ್ರಶಸ್ತಿಯಾದ ಎಮ್ಮಿಗೆ ಯಾರ್ಯಾರು ನಾಮನಿರ್ದೇಶನಗೊಂಡಿದ್ದಾರೆ ಎನ್ನುವ ಪಟ್ಟಿ ಅದು. ಪಟ್ಟಿ ಬಂದ ಕೂಡಲೇ ಅಭಿಮಾನಿಗಳೂ ತಮ್ಮ ತಮ್ಮ ಪಟ್ಟಿ ಮಾಡಲು ಕೂರುತ್ತಾರೆ. ಇವರ ಹೆಸರು ಬರಬೇಕಿತ್ತು, ಅವರದ್ದು ಯಾಕೆ ಬಿಟ್ಟರು, ಇದು ಅನ್ಯಾಯ ಅಂತ ವಾದ ಶುರು. ನಮ್ಮಲ್ಲಿ ಕ್ರಿಕೆಟ್ ತಂಡದ ಆಯ್ಕೆಯಾದಾಗ ಅಂಗಡಿ ಜಗಲಿಯಲ್ಲಿ ನಡೆಯುತ್ತದಲ್ಲ, ಥೇಟ್ ಹಾಗೆಯೇ.

ಈ ವಾರ ನಾನೂ ಒಂದು ಪಟ್ಟಿ ಮಾಡಿದ್ದೇನೆ. ಮದ್ರಸದಲ್ಲಿ ಪಾಠ ಹೇಳುವವರಿಗೆ ಈ ಉಸಾಬರಿ ಯಾಕೆ ಅಂತ ಕೆಲವರು ಕೇಳಬಹುದು. ಉತ್ತರ ಸರಳ ಉಂಟು. ಇಂದು ಈ ಧಾರಾವಾಹಿಗಳು ಅಮೆರಿಕದಲ್ಲಿ ಮಾತ್ರ ಓಡುವುದಿಲ್ಲ. ನೆಟ್‌ಫ್ಲಿಕ್ಸ್, ಡಿಸ್ನಿ ಅಂತ ನಮ್ಮ ಮಕ್ಕಳ ಮೊಬೈಲಿಗೇ ಬಂದು ಕೂತಿವೆ. ದುಬೈ, ದಮ್ಮಾಮ್‌ಗಳಲ್ಲಿ ರೂಮ್ ಮಾಡಿಕೊಂಡಿರುವ ನಮ್ಮ ಹುಡುಗರು ಡ್ಯೂಟಿ ಮುಗಿಸಿ ಬಂದು ನೋಡುವುದೂ ಇವನ್ನೇ. ಅವುಗಳಲ್ಲಿ ನಮ್ಮಂಥ ಮನೆಗಳನ್ನು ಹೇಗೆ ತೋರಿಸಿದ್ದಾರೆ, ಹಾಗೆ ತೋರಿಸಿದ್ದಕ್ಕೆ ಯಾರಿಗೆ ಮರ್ಯಾದೆ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಎಂದು ತಿಳಿದುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಈ ಪಟ್ಟಿ ತಯಾರಾಗುವುದು ಹೇಗೆ?

ಮೊದಲು ಎಮ್ಮಿ ಎಂದರೆ ಎಂತದ್ದು ಅಂತ ಸ್ವಲ್ಪ ನೋಡುವ. ಅಮೆರಿಕದ ಟೆಲಿವಿಷನ್ ಅಕಾಡೆಮಿ ಸ್ಥಾಪನೆಯಾದದ್ದು 1946ರಲ್ಲಿ. ಮೊದಲ ಪ್ರಶಸ್ತಿ ಸಮಾರಂಭ ನಡೆದದ್ದು 1949ರ ಜನವರಿಯಲ್ಲಿ. ಆ ಕಾಲದ ಟಿವಿ ಕ್ಯಾಮೆರಾದೊಳಗೆ 'ಇಮೇಜ್ ಆರ್ಥಿಕಾನ್' ಎಂಬ ಒಂದು ಟ್ಯೂಬ್ ಇತ್ತು. ಕೆಲಸಗಾರರು ಅದನ್ನು ಚಿಕ್ಕದಾಗಿ 'ಇಮ್ಮಿ' ಎನ್ನುತ್ತಿದ್ದರು. ಅದೇ ಮುಂದೆ ಹೆಣ್ಣಿನ ಹೆಸರಿನ ಹಾಗೆ 'ಎಮ್ಮಿ' ಆಯಿತು. ರೆಕ್ಕೆ ಇರುವ ಒಬ್ಬ ಹೆಣ್ಣು ಪರಮಾಣುವನ್ನು ಎತ್ತಿ ಹಿಡಿದಿರುವ ಚಿನ್ನದ ಬಣ್ಣದ ಪ್ರತಿಮೆ ಅದು.

ನಾಮನಿರ್ದೇಶನವನ್ನು ಯಾರೋ ನಾಲ್ಕು ಮಂದಿ ತೀರ್ಪುಗಾರರು ಕೋಣೆಯಲ್ಲಿ ಕೂತು ಮಾಡುವುದಲ್ಲ. ಅಕಾಡೆಮಿಯಲ್ಲಿ 20 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ನಟರು ನಟರನ್ನು, ನಿರ್ದೇಶಕರು ನಿರ್ದೇಶಕರನ್ನು, ಬರಹಗಾರರು ಬರಹಗಾರರನ್ನು ಹೆಸರಿಸುತ್ತಾರೆ. ಉತ್ತಮ ಧಾರಾವಾಹಿ ಎಂಬ ವಿಭಾಗಕ್ಕೆ ಮಾತ್ರ ಎಲ್ಲರೂ ಮತ ಹಾಕಬಹುದು. ಒಂದು ವರ್ಷದ ಜೂನ್ 1ರಿಂದ ಮರು ವರ್ಷದ ಮೇ 31ರವರೆಗೆ ಬಂದ ಕಾರ್ಯಕ್ರಮಗಳು ಲೆಕ್ಕಕ್ಕೆ. ಜೂನ್‌ನಲ್ಲಿ ಮತದಾನ, ಜುಲೈನಲ್ಲಿ ಪಟ್ಟಿ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಸಮಾರಂಭ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅರ್ಜಿ ಸಲ್ಲಿಕೆಯಾದ ಹೆಸರು ಮಾತ್ರ ಮತಪತ್ರದಲ್ಲಿ ಬರುತ್ತದೆ. ಆ ಮೇಲೆ ಕಂಪೆನಿಗಳು ತಮ್ಮ ಧಾರಾವಾಹಿಗೆ ಪ್ರಚಾರ ಮಾಡುತ್ತವೆ. ರಸ್ತೆ ಬದಿಯಲ್ಲಿ ದೊಡ್ಡ ದೊಡ್ಡ ಫಲಕ, ಪತ್ರಿಕೆಗಳಲ್ಲಿ ಜಾಹೀರಾತು, ವಿಶೇಷ ಪ್ರದರ್ಶನ ಎಲ್ಲ ಉಂಟು. ಒಂದು ರೀತಿಯಲ್ಲಿ ನಮ್ಮ ಪಂಚಾಯತ್ ಚುನಾವಣೆಯ ಹಾಗೆ. ಒಳ್ಳೆಯವನು ಎಂಬ ಕಾರಣಕ್ಕೇ ಯಾರೂ ಗೆಲ್ಲುವುದಿಲ್ಲ, ಮತದಾರರ ಕಣ್ಣಿಗೂ ಬೀಳಬೇಕು.

'ಡೆಲ್ಲಿ ಕ್ರೈಮ್' 2020ರಲ್ಲಿ, ವೀರ್ ದಾಸ್ 2023ರಲ್ಲಿ ಗೆದ್ದದ್ದು ಕೂಡ ಎಮ್ಮಿಯೇ ಅಲ್ಲವಾ ಅಂತ ಕೆಲವರಿಗೆ ಅನಿಸಬಹುದು. ಅದು ಇಂಟರ್‌ನ್ಯಾಷನಲ್ ಎಮ್ಮಿ. ಅದನ್ನು ಕೊಡುವ ಸಂಸ್ಥೆ ಬೇರೆ. ನಾನು ಹೇಳುತ್ತಿರುವುದು ಅಮೆರಿಕದ ಪ್ರೈಮ್‌ಟೈಮ್ ಎಮ್ಮಿಯ ವಿಷಯ.

ಮೊದಲು ಎಂಥವರಿಗೆ ಸಿಗುತ್ತಿತ್ತು?

2001ರ ನಂತರದ ಕೆಲವು ವರ್ಷ ಅಮೆರಿಕದ ಟಿವಿಯಲ್ಲಿ ಮುಸ್ಲಿಂ ಪಾತ್ರವೆಂದರೆ ಹೆಚ್ಚಾಗಿ ಎರಡೇ ನಮೂನೆ. ಒಂದೋ ಬಾಂಬ್ ಇಡುವವನು, ಇಲ್ಲದಿದ್ದರೆ ಬಾಂಬ್ ಇಡುವವನನ್ನು ಹಿಡಿದುಕೊಡುವವನು. '24' ಎಂಬ ಧಾರಾವಾಹಿಗೆ 2006ರಲ್ಲಿ ಉತ್ತಮ ಧಾರಾವಾಹಿ ಎಮ್ಮಿ ಸಿಕ್ಕಿತು. 'ಹೋಮ್‌ಲ್ಯಾಂಡ್'ಗೆ 2012ರಲ್ಲಿ ಸಿಕ್ಕಿತು. ಈ 'ಹೋಮ್‌ಲ್ಯಾಂಡ್' ತಂಡದವರು 2015ರಲ್ಲಿ ನಿರಾಶ್ರಿತರ ಶಿಬಿರದ ಸೆಟ್ ಹಾಕಿ, ಗೋಡೆಯಲ್ಲಿ ಅರಬಿ ಬರಹ ಬರೆಯಲು ಕಲಾವಿದರನ್ನು ಕರೆಸಿದ್ದರು. ಆ ಕಲಾವಿದರು ಈ ಧಾರಾವಾಹಿ ಜನಾಂಗದ್ವೇಷಿ ಎಂದೇ ಅರಬಿಯಲ್ಲಿ ಬರೆದುಬಿಟ್ಟರು. ಸೆಟ್ಟಿನಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ ಅಂತ ಕಾಣುತ್ತದೆ, ಬರಹ ಹಾಗೆಯೇ ಪ್ರಸಾರವಾಯಿತು. ಅರಬಿ ಅಕ್ಷರ ಅವರಿಗೆ ಬರೀ ಗೋಡೆಯ ಚಿತ್ತಾರವಾಗಿತ್ತು!

ಇರಾನ್ ಮೂಲದ ಹಿರಿಯ ನಟಿ ಶೋಹ್ರೆ ಅಗ್ದಾಶ್ಲೂ ಅವರಿಗೆ 2009ರಲ್ಲಿ ಎಮ್ಮಿ ಬಂತು. ಯಾವ ಪಾತ್ರಕ್ಕೆ? 'ಹೌಸ್ ಆಫ್ ಸದ್ದಾಂ' ಧಾರಾವಾಹಿಯಲ್ಲಿ ಸದ್ದಾಂ ಹುಸೇನ್‌ನ ಪತ್ನಿಯ ಪಾತ್ರಕ್ಕೆ. ಅವರ ನಟನೆ ಪ್ರಶಸ್ತಿಗೆ ತಕ್ಕದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರಮನೆಯ ಹೆಂಗಸಿಗೆ ತೆರೆದ ಬಾಗಿಲು ಬಾಡಿಗೆ ಮನೆಯ ಉಮ್ಮನಿಗೆ ತೆರೆಯಲು ಇನ್ನೂ ಬಾಕಿ ಇತ್ತು.

ಆಮೇಲೆ ಸ್ವಲ್ಪ ಗಾಳಿ ಬದಲಾಯಿತು. ಪಾಕಿಸ್ತಾನಿ ಮೂಲದ ಬ್ರಿಟಿಷ್ ನಟ ರಿಝ್ ಅಹ್ಮದ್ 2017ರಲ್ಲಿ 'ದಿ ನೈಟ್ ಆಫ್'ಗಾಗಿ ನಟನೆಯ ಎಮ್ಮಿ ಗೆದ್ದರು. ಆ ಪ್ರಶಸ್ತಿ ಗೆದ್ದ ದಕ್ಷಿಣ ಏಷ್ಯಾ ಮೂಲದ ಮೊದಲ ಪುರುಷ ಅವರು. ಈಜಿಪ್ಟ್ ಮೂಲದ ರಾಮಿ ಯೂಸುಫ್ ತಮ್ಮದೇ ಹೆಸರಿನ 'ರಾಮಿ' ಧಾರಾವಾಹಿಗೆ 2020ರಲ್ಲಿ ನಟನೆ ಮತ್ತು ನಿರ್ದೇಶನ ಎರಡಕ್ಕೂ ನಾಮನಿರ್ದೇಶನ ಪಡೆದರು. ಅದೇ ಧಾರಾವಾಹಿಯಲ್ಲಿ ಸೂಫಿ ಶೈಖ್ ಆಗಿ ನಟಿಸಿದ ಮಹೆರ್ಶಲಾ ಅಲಿ ಅವರ ಹೆಸರೂ ಬಂತು. ಆ ಶೈಖ್ ಕೋಪಿಷ್ಠನಲ್ಲ, ಕುತಂತ್ರಿಯೂ ಅಲ್ಲ. ಶಿಷ್ಯನ ಹುಚ್ಚಾಟವನ್ನು ತಾಳ್ಮೆಯಿಂದ ಸಹಿಸಿ, ಮಿತಿ ಮೀರಿದಾಗ ಬಾಗಿಲು ಮುಚ್ಚುವ ಗುರು. ಆ ಹೆಸರನ್ನು ಅಕಾಡೆಮಿ ಸರಿಯಾಗಿಯೇ ಆರಿಸಿತು.

2020 ಕೊರೋನ ವರ್ಷ. ಸಮಾರಂಭ ಮನೆ ಮನೆಯಿಂದಲೇ ನಡೆಯಿತು. ಮೈತುಂಬ ರಕ್ಷಾಕವಚ ಹಾಕಿದ ಒಬ್ಬ ವ್ಯಕ್ತಿ ಪ್ರಶಸ್ತಿ ಹಿಡಿದುಕೊಂಡು ರಾಮಿಯ ಮನೆಯ ಹೊರಗೆ ಕಾಯುತ್ತಿದ್ದ. ಬೇರೆಯವರ ಹೆಸರು ಘೋಷಣೆ ಆದ ಕೂಡಲೇ ಕಿಟಕಿಯಿಂದ ಟಾಟಾ ಮಾಡಿ, ಪ್ರಶಸ್ತಿ ಸಮೇತ ನಡೆದುಬಿಟ್ಟ. ರಾಮಿ ಆ ವಿಡಿಯೋ ಹಂಚಿಕೊಂಡಾಗ ಲೋಕವೆಲ್ಲ ನಕ್ಕಿತು.

ನನ್ನ ಅಳತೆಗೋಲು

ಹಾಗಾದರೆ ಎಲ್ಲ ಸರಿಯಾಯಿತಲ್ಲ, ಇನ್ನೆಂತ ದೂರು? ದೂರು ಉಂಟು. ಹೆಸರು ಬಂದದ್ದು ಹೆಚ್ಚಾಗಿ ಮಗನದ್ದು. ಕಥಾನಾಯಕ ಮಗ, ದಾರಿ ತಪ್ಪುವವನು ಮಗ, ಅಳುವವನು, ನಗಿಸುವವನು ಎಲ್ಲ ಮಗ. ಆದರೆ ಈ ಧಾರಾವಾಹಿಗಳನ್ನು ನೋಡಿ ಮುಗಿಸಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಮನೆಯ ಉಪ್ಪ, ಉಮ್ಮ.

ಸಪೋರ್ಟಿಂಗ್ ಆಕ್ಟರ್ ಎನ್ನುವುದಕ್ಕೆ ನಮ್ಮ ಕನ್ನಡದಲ್ಲಿ 'ಪೋಷಕ ನಟ' ಎನ್ನುತ್ತಾರೆ. ಶಾಲೆಯಲ್ಲಿ 'ಪೋಷಕರ ಸಭೆ' ಅಂತ ಚೀಟಿ ಕಳಿಸುವಾಗಲೂ ಅದೇ ಶಬ್ದ. ಇಂಗ್ಲಿಷಿನಲ್ಲಿ ಎರಡಕ್ಕೂ ಸಂಬಂಧ ಇಲ್ಲ. ಕನ್ನಡದಲ್ಲಿ ಒಂದೇ. ಪೋಷಿಸುವವರು, ಬದಿಯಲ್ಲಿ ನಿಲ್ಲುವವರು, ಹೆಸರು ಕೊನೆಗೆ ಬರುವವರು. ನನ್ನ ಪಟ್ಟಿ ಪೂರ್ತಿ ಆ ಪೋಷಕರದ್ದು. ಅಕಾಡೆಮಿಯ ನಟನಾ ವಿಭಾಗದ ಪಟ್ಟಿಯಲ್ಲಿ ಈ ಪಾತ್ರಗಳಿಗಾಗಿ ಜಾಗ ಸಿಗದ ಹೆಸರುಗಳನ್ನೇ ಆರಿಸಿದ್ದೇನೆ.

1. ಟ್ಯಾಕ್ಸಿಯ ಉಪ್ಪ: ಪೇಮಾನ್ ಮೊಆದಿ

'ದಿ ನೈಟ್ ಆಫ್' 2016ರಲ್ಲಿ ಬಂದ ಎಂಟು ಕಂತಿನ ಧಾರಾವಾಹಿ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಪಾಕಿಸ್ತಾನಿ ಮೂಲದ ಕುಟುಂಬ. ಕಾಲೇಜಿಗೆ ಹೋಗುವ ಮಗ ನಾಸಿರ್ ಒಂದು ರಾತ್ರಿ ಉಪ್ಪನ ಟ್ಯಾಕ್ಸಿಯನ್ನು ಕೇಳದೆ ತೆಗೆದುಕೊಂಡು ಹೋಗುತ್ತಾನೆ. ಬೆಳಗಾಗುವಾಗ ಅವನ ಮೇಲೆ ಕೊಲೆ ಆರೋಪ. ಪ್ರಶಸ್ತಿ ಬಂದದ್ದು ಈ ನಾಸಿರ್ ಪಾತ್ರಕ್ಕೆ. ವಕೀಲ, ಪೊಲೀಸ್ ಅಧಿಕಾರಿ, ಜೈಲಿನ ದಾದಾ ಪಾತ್ರಧಾರಿಗಳ ಹೆಸರೂ ನಾಮನಿರ್ದೇಶನಕ್ಕೆ ಬಂತು. ಬಾರದೆ ಉಳಿದದ್ದು ಉಪ್ಪ ಸಲೀಂ ಖಾನ್‌ನ ಪಾತ್ರ ಮಾಡಿದ ಇರಾನಿ ನಟ ಪೇಮಾನ್ ಮೊಆದಿಯ ಹೆಸರು. ಆಸ್ಕರ್ ಗೆದ್ದ ಇರಾನಿ ಸಿನಿಮಾ 'ಎ ಸೆಪರೇಷನ್'ನ ನಾಯಕ ಇವರೇ.

ಆ ಟ್ಯಾಕ್ಸಿ ಸಲೀಂ ಒಬ್ಬರದ್ದಲ್ಲ, ಪಾಲುದಾರರೂ ಇದ್ದಾರೆ. ಪೊಲೀಸರು ಗಾಡಿಯನ್ನು ಸಾಕ್ಷ್ಯವೆಂದು ಎತ್ತಿಕೊಂಡು ಹೋದ ಮೇಲೆ ಅವರ ಅನ್ನವೂ ಹೋಯಿತು. ಮಗ ಜೈಲಿನಲ್ಲಿ, ಜೊತೆಗಾರರ ಮುಖ ನೋಡುವ ಧೈರ್ಯ ಇಲ್ಲ, ಕೇಸಿಗೆ ಹಣ ಇಲ್ಲ. ಕೊನೆಗೆ ಆ ಮನುಷ್ಯ ಮನೆ ಮನೆಗೆ ಊಟ ತಲುಪಿಸುವ ಕೆಲಸಕ್ಕೆ ಇಳಿಯುತ್ತಾರೆ. ಇಷ್ಟೆಲ್ಲ ಆದರೂ ಎಲ್ಲಿಯೂ ದೊಡ್ಡ ಮಾತಿಲ್ಲ, ಕೂಗಾಟವಿಲ್ಲ. ಪಾಲಿನಲ್ಲಿ ರಿಕ್ಷಾ ಓಡಿಸುವವರು, ಪಾಲಿನಲ್ಲಿ ಅಂಗಡಿ ಇಟ್ಟವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಮನೆಯ ಒಂದು ಕಷ್ಟ ಪಾಲುದಾರನ ಮನೆಗೂ ಹೇಗೆ ದಾಟುತ್ತದೆ ಅಂತ ಅವರಿಗೆ ಬಿಡಿಸಿ ಹೇಳುವ ಅಗತ್ಯ ಇಲ್ಲ.

2. ಸಂಶಯ ಬಂದ ಉಮ್ಮ: ಪೂರ್ಣಾ ಜಗನ್ನಾಥನ್

ಅದೇ ಮನೆಯ ಉಮ್ಮ ಸಫರ್. ಪಾತ್ರ ಮಾಡಿದವರು ಭಾರತೀಯ ಮೂಲದ ಪೂರ್ಣಾ ಜಗನ್ನಾಥನ್. ಸಿನಿಮಾದ ತಾಯಿಗೆ ಮಗನ ಮೇಲೆ ಎಂದೂ ಸಂಶಯ ಬರುವುದಿಲ್ಲ. ಇಡೀ ಊರು ಕಳ್ಳ ಅಂದರೂ ನನ್ನ ಮಗ ಚಿನ್ನ ಎನ್ನುವವಳು ಅವಳು. ಸಫರ್ ಹಾಗಲ್ಲ. ಕೋರ್ಟಿನಲ್ಲಿ ಕೂತು ಒಂದೊಂದೇ ಸಾಕ್ಷ್ಯ ಕೇಳುವಾಗ ಅವಳೊಳಗೆ ಪ್ರಶ್ನೆ ಏಳುತ್ತದೆ. ನಾನು ಸಾಕಿದ ಮಗ ಇವನೇನಾ? ಅವಳು ಎದ್ದು ಹೊರಗೆ ಹೋಗುತ್ತಾಳೆ.

ಆ ಎದ್ದು ಹೋಗುವುದು ಇಡೀ ಧಾರಾವಾಹಿಯ ಅತಿ ಕಷ್ಟದ ಅಭಿನಯ ಎಂದು ನಾನು ಹೇಳುತ್ತೇನೆ. ಅಷ್ಟರಲ್ಲಿ ಬಟ್ಟೆ ಅಂಗಡಿಯ ಕೆಲಸ ಹೋಗಿ, ಗುಡಿಸಿ ಒರೆಸುವ ಕೆಲಸಕ್ಕೆ ಬಂದಾಗಿದೆ. ಕೊನೆಗೆ ತೀರ್ಪುಗಾರರು ಸಮ ಸಮ ಭಾಗವಾಗಿ, ಸರಕಾರ ಕೇಸು ಮುಂದುವರಿಸದೆ, ಮಗ ಮನೆಗೆ ಬರುತ್ತಾನೆ. ಆದರೆ ಉಮ್ಮನ ಕಣ್ಣಿನಲ್ಲಿ ಒಮ್ಮೆ ಕಂಡ ಸಂಶಯವನ್ನು ಮಗ ಮರೆಯುವುದು ಹೇಗೆ? ಕೋರ್ಟಿನ ಬಿಡುಗಡೆಯಿಂದ ಎಲ್ಲವೂ ಬಿಡುಗಡೆ ಆಗುವುದಿಲ್ಲ. ಕೇಸು ಅಂತ ವರ್ಷಗಟ್ಟಲೆ ಅಲೆದ ಮನೆಯವರು ಈ ಒಂದು ಮಾತಿಗೆ ತಲೆದೂಗುತ್ತಾರೆ.

3. ಕಾರು ಓಡಿಸಲು ಹೊರಟ ಉಮ್ಮ: ಹಿಯಾಮ್ ಅಬ್ಬಾಸ್

'ರಾಮಿ'ಯ ಉಮ್ಮ ಮೈಸಾ. ಮಕ್ಕಳು ದೊಡ್ಡವರಾದರು, ಗಂಡ ಕೆಲಸಕ್ಕೆ ಹೋಗುತ್ತಾರೆ, ಮನೆ ಖಾಲಿ. ಅಡುಗೆ ಮಾಡಿಟ್ಟರೂ ತಿನ್ನಲು ಜನ ಇಲ್ಲ. ಮಾತಾಡಲು ಒಂದು ಜೀವ ಬೇಕೆಂದು ಅವಳು ಬಾಡಿಗೆ ಆ್ಯಪ್‌ಗೆ ಸೇರಿ ತನ್ನ ಕಾರಿನಲ್ಲಿ ಪ್ರಯಾಣಿಕರನ್ನು ಕೂರಿಸಿಕೊಳ್ಳುತ್ತಾಳೆ. ಹಣಕ್ಕಿಂತ ಹೆಚ್ಚಾಗಿ ಮಾತಿನ ಹಸಿವಿಗೆ. ಮೊದಲ ಸೀಸನ್‌ನ ಒಂದು ಇಡೀ ಕಂತು ಅವಳದ್ದೇ. ನಗು ಬರುತ್ತದೆ, ನಗುವಾಗಲೇ ಗಂಟಲು ಕಟ್ಟುತ್ತದೆ.

ಈ ಪಾತ್ರ ಮಾಡಿದ ಹಿಯಾಮ್ ಅಬ್ಬಾಸ್ ನಝರೇತ್‌ನಲ್ಲಿ ಹುಟ್ಟಿದ ಫೆಲೆಸ್ತೀನಿ ನಟಿ. ಅಕಾಡೆಮಿ ಅವರನ್ನು ಗುರುತಿಸಿಲ್ಲ ಅಂತಲ್ಲ. 2023ರಲ್ಲಿ 'ಸಕ್ಸೆಷನ್' ಧಾರಾವಾಹಿಗೆ ಅತಿಥಿ ನಟಿಯಾಗಿ ನಾಮನಿರ್ದೇಶನ ಬಂತು. ಅಲ್ಲಿ ಅವರು ಮಹಾ ಕೋಟ್ಯಧಿಪತಿಯೊಬ್ಬನ ಹೆಂಡತಿ. ಅದೇ ಮುಖ, ಅದೇ ಪ್ರತಿಭೆ. ಸಿರಿವಂತನ ಬಂಗಲೆಯಲ್ಲಿ ಕಂಡಾಗ ಮತದಾರರ ಕಣ್ಣಿಗೆ ಬಿತ್ತು, ನ್ಯೂಜೆರ್ಸಿಯ ಸಣ್ಣ ಮನೆಯ ಅಡುಗೆ ಕೋಣೆಯಲ್ಲಿ ಕಂಡಾಗ ಬೀಳಲಿಲ್ಲ. ನನ್ನ ಪಟ್ಟಿಯಲ್ಲಿ ಅವರ ಹೆಸರಿನ ಎದುರು ಬರೆಯುವುದು ಮೈಸಾ ಅಂತಲೇ.

4. ತಿರುನಲ್ವೇಲಿಯ ಡಾಕ್ಟರ್ ಉಪ್ಪ: ಶೌಕತ್ ಅನ್ಸಾರಿ

ಇದು ನಮಗೆ ತೀರ ಹತ್ತಿರದ್ದು. ಅಝೀಝ್ ಅನ್ಸಾರಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ಹಾಸ್ಯನಟ. ಮೂಲ ತಮಿಳುನಾಡಿನ ತಿರುನಲ್ವೇಲಿಯ ಮುಸ್ಲಿಂ ಕುಟುಂಬ. 2015ರಲ್ಲಿ ಬಂದ 'ಮಾಸ್ಟರ್ ಆಫ್ ನನ್' ಧಾರಾವಾಹಿಯಲ್ಲಿ ತಂದೆ ತಾಯಿಯ ಪಾತ್ರಕ್ಕೆ ಅವರು ನಟರನ್ನು ಹುಡುಕಲಿಲ್ಲ. ಸ್ವಂತ ತಂದೆ ಶೌಕತ್, ತಾಯಿ ಫಾತಿಮಾ ಅವರನ್ನೇ ಕ್ಯಾಮೆರಾ ಎದುರು ನಿಲ್ಲಿಸಿದರು. ತಂದೆ ನಿಜ ಜೀವನದಲ್ಲಿ ಹೊಟ್ಟೆಯ ಕಾಯಿಲೆಗಳ ತಜ್ಞ ವೈದ್ಯರು. ಮಗನ ಧಾರಾವಾಹಿಗಾಗಿ ವರ್ಷದ ರಜೆಯಲ್ಲಿ ಹೆಚ್ಚಿನದನ್ನೆಲ್ಲ ಕೊಟ್ಟರು ಅಂತ ಮಗನೇ ಬರೆದುಕೊಂಡಿದ್ದಾರೆ.

'ಪೇರೆಂಟ್ಸ್' ಎಂಬ ಕಂತು ಶುರುವಾಗುವುದು ತಂದೆ ತನ್ನ ಐಪ್ಯಾಡ್ ಸರಿ ಮಾಡಿಕೊಡು ಅಂತ ಮಗನನ್ನು ಕೇಳುವುದರಿಂದ. ಮಗನಿಗೆ ಸಿನಿಮಾಕ್ಕೆ ಹೊತ್ತಾಯಿತು, ಪುರುಸೊತ್ತಿಲ್ಲ. ಅಲ್ಲಿಂದ ಕಥೆ ಹಿಂದಕ್ಕೆ ಹೋಗಿ, ಈ ಮನುಷ್ಯ ಎಲ್ಲಿಂದ ಹೊರಟು ಇಲ್ಲಿಗೆ ಬಂದರು, ಹೊಸ ದೇಶದಲ್ಲಿ ಗಂಡ ಹೆಂಡತಿ ಎಷ್ಟು ಒಂಟಿಯಾಗಿದ್ದರು ಅಂತ ತೋರಿಸುತ್ತದೆ. ಈ ಕಂತಿನ ಬರವಣಿಗೆಗೆ 2016ರಲ್ಲಿ ಅಝೀಝ್ ಮತ್ತು ಅಲನ್ ಯಾಂಗ್‌ಗೆ ಎಮ್ಮಿ ಬಂತು. ಕಥೆ ಬರೆದ ಮಗನಿಗೆ ಪ್ರಶಸ್ತಿ, ಕಥೆ ಬದುಕಿದ ತಂದೆಗೆ ನಾಮನಿರ್ದೇಶನವೂ ಇಲ್ಲ! ಡಾಕ್ಟರ್ ಶೌಕತ್‌ಗೆ ನಟನೆ ಬರುವುದಿಲ್ಲ ಎನ್ನುವವರೂ ಇದ್ದಾರೆ. ನಿಜ, ಬರುವುದಿಲ್ಲ. ಒಬ್ಬ ಉಪ್ಪ ಮಗನ ಹತ್ತಿರ ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡುತ್ತಾರೆ, ಅಷ್ಟೇ. ಬೇರೆಯವರು ವರ್ಷಗಟ್ಟಲೆ ಕಲಿತರೂ ಬಾರದ್ದು ಅದು.

ಎರಡನೇ ಸೀಸನ್‌ನಲ್ಲಿ 'ರಿಲಿಜನ್' ಎಂಬ ಕಂತು ಉಂಟು. ಮಗ ಹಂದಿಮಾಂಸ ತಿನ್ನುವುದು ಉಪ್ಪ ಉಮ್ಮನಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಮೌನ. ಮಗ ಮಾಡಿದ್ದನ್ನು ನಾನು ಒಪ್ಪುವುದಿಲ್ಲ, ನೀವೂ ಒಪ್ಪುವುದಿಲ್ಲ. ಆದರೆ ಅಲ್ಲಿ ಉಮ್ಮನಿಗೆ ಆಗುವ ನೋವು ಹಂದಿಮಾಂಸಕ್ಕಿಂತ ಹೆಚ್ಚಾಗಿ, ನಾನು ಕಲಿಸಿದ್ದು ಇವನಿಗೆ ಬೇಡವಾಯಿತಲ್ಲ ಎನ್ನುವುದು. ಕೊನೆಗೆ ಮಗ ಉಮ್ಮ ಕೊಟ್ಟ ಕುರ್‌ಆನ್ ತೆರೆದು, ಸೂರಃ ಅಲ್ ಕಾಫಿರೂನ್‌ನ ಕೊನೆಯ ಆಯತಿನ ಅರ್ಥವನ್ನು ಉಮ್ಮನಿಗೆ ಮೆಸೇಜ್ ಮಾಡುತ್ತಾನೆ. ಆ ಆಯತನ್ನು ಅವನು ಬಳಸಿದ ರೀತಿ ಸರಿಯಾ ಎನ್ನುವುದು ಬೇರೆ ಚರ್ಚೆ. ಕಿತಾಬು ತೆರೆದು ಉತ್ತರ ಹುಡುಕಿದನಲ್ಲ, ಆ ತಾಯಿಗೆ ಅದೇ ಒಂದು ಆಸರೆ. ಫಾತಿಮಾ ಅವರ ಹೆಸರನ್ನೂ ಗಂಡನ ಹೆಸರಿನ ಪಕ್ಕದಲ್ಲೇ ಬರೆಯುತ್ತೇನೆ.

5. ಕರಾಚಿಯ ಅಜ್ಜಿ: ಸಮೀನಾ ಅಹ್ಮದ್

'ಮಿಸ್ ಮಾರ್ವೆಲ್' 2022ರ ಜೂನ್, ಜುಲೈನಲ್ಲಿ ಬಂದ ಆರು ಕಂತಿನ ಧಾರಾವಾಹಿ. ಜೆರ್ಸಿ ಸಿಟಿಯ ಶಾಲಾ ಹುಡುಗಿ ಕಮಲಾ ಖಾನ್‌ಗೆ ಅಜ್ಜಿ ಕಳಿಸಿದ ಹಳೆಯ ಬಳೆಯಿಂದ ಅದ್ಭುತ ಶಕ್ತಿ ಬರುತ್ತದೆ. ಕಮಲಾ ಆಗಿ ನಟಿಸಿದ ಇಮಾನ್ ವೆಲ್ಲಾನಿಗೆ ಇದು ಮೊದಲ ಪಾತ್ರ. ಮಸೀದಿಯ ಹೊರಗಿಟ್ಟ ಚಪ್ಪಲಿ ಕಳವಾಗುವ ತಮಾಷೆಯಿಂದ ಹಿಡಿದು ಮಸೀದಿ ಕಮಿಟಿಗೆ ಹುಡುಗಿಯೊಬ್ಬಳು ಚುನಾವಣೆಗೆ ನಿಲ್ಲುವವರೆಗೆ ಎಲ್ಲ ಉಂಟು.

ನನ್ನ ಮತ ಮಾತ್ರ ಅಜ್ಜಿ ಸನಾಳಿಗೆ. ಪಾಕಿಸ್ತಾನದ ಟಿವಿಯಲ್ಲಿ ದಶಕಗಳ ಅನುಭವ ಇರುವ ಸಮೀನಾ ಅಹ್ಮದ್ ಈ ಪಾತ್ರ ಮಾಡಿದ್ದಾರೆ. ದೇಶ ವಿಭಜನೆಯ ರಾತ್ರಿ, ರೈಲು ನಿಲ್ದಾಣದ ಜನಸಾಗರದಲ್ಲಿ ಕಳೆದುಹೋದ ಪುಟ್ಟ ಮಗು ಈ ಅಜ್ಜಿ. ಬೇರು ಒಂದು ದೇಶದಲ್ಲಿ, ಪಾಸ್‌ಪೋರ್ಟ್ ಇನ್ನೊಂದು ದೇಶದ್ದು. ಅದನ್ನು ಅವಳು ಮೊಮ್ಮಗಳಿಗೆ ಹೇಳುವಾಗ ಅಳುವುದಿಲ್ಲ, ದೂರುವುದಿಲ್ಲ. ಮಕ್ಕಳ ಸಾಹಸ ಕಥೆಯ ಮಧ್ಯದಲ್ಲಿ ಒಬ್ಬ ಮುದುಕಿ ಇತಿಹಾಸವನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಮಗಳನ್ನು ಬಿಗಿ ಹಿಡಿಯುತ್ತಾ, ತನ್ನ ಉಮ್ಮನ ಹತ್ತಿರ ತಾನೇ ಮುನಿಸಿಕೊಂಡಿರುವ ಮುನೀಬಾ ಪಾತ್ರದ ಝೆನೋಬಿಯಾ ಶ್ರಾಫ್ ಕೂಡ ಪಟ್ಟಿಗೆ ಅರ್ಹರೇ.

6. ಎಣ್ಣೆಯ ವಾಸನೆಯ ಉಮ್ಮ: ಫರಾಹ್ ಬಸೈಸೊ

ಕೊನೆಯದು, ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು. ಮೋ ಆಮರ್ ಕುವೈತ್‌ನಲ್ಲಿ ಹುಟ್ಟಿದ ಫೆಲೆಸ್ತೀನಿ. ಕುವೈತ್ ಯುದ್ಧದ ಸಮಯದಲ್ಲಿ ಅವರ ಕುಟುಂಬ ಅಮೆರಿಕದ ಹ್ಯೂಸ್ಟನ್‌ಗೆ ಓಡಿತು. 1990ರ ಕುವೈತ್ ಅಂದರೆ ನಮ್ಮ ಕರಾವಳಿಯ ಹಿರಿಯರಿಗೆ ಬೇರೆ ವಿವರಣೆ ಬೇಡ. ಅಲ್ಲಿಂದ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಕರೆತಂದರಲ್ಲ, ಅದೇ ಸಮಯ. ನಮ್ಮವರಿಗೆ ಹಿಂತಿರುಗಲು ಒಂದು ಊರಿತ್ತು. ಆ ಕುಟುಂಬಕ್ಕೆ ಅದೂ ಇರಲಿಲ್ಲ. ಮೋ ಆಮರ್‌ಗೆ ಅಮೆರಿಕದ ಪೌರತ್ವ ಸಿಗುವಾಗ 2009 ಆಗಿತ್ತು.

ಆ ಬದುಕನ್ನೇ ಕಥೆ ಮಾಡಿದ ಧಾರಾವಾಹಿ 'ಮೋ'. ಮೊದಲ ಸೀಸನ್ 2022ರಲ್ಲಿ, ಎರಡನೆಯದು 2025ರ ಜನವರಿ ಕೊನೆಗೆ ಬಂತು. ಮೊದಲ ಸೀಸನ್‌ಗೆ ಪೀಬಾಡಿ ಪ್ರಶಸ್ತಿ, ಗೋಥಮ್ ಪ್ರಶಸ್ತಿ ಎರಡೂ ಬಂದವು. ಅಂದರೆ ಯಾರ ಕಣ್ಣಿಗೂ ಬೀಳದ ಧಾರಾವಾಹಿ ಇದಲ್ಲ.

ಉಮ್ಮ ಯುಸ್ರಾ ಪಾತ್ರದಲ್ಲಿ ಫರಾಹ್ ಬಸೈಸೊ. ಆಶ್ರಯದ ಅರ್ಜಿ ಇಪ್ಪತ್ತು ವರ್ಷ ದಾಟಿದರೂ ಇತ್ಯರ್ಥ ಆಗಿಲ್ಲ. ಒಬ್ಬ ಮಗ ಬಾಯಿಬಡುಕ, ಇನ್ನೊಬ್ಬ ಮಗ ಲೋಕದ ಜೊತೆ ಬೆರೆಯಲಾಗದ ಮುಗ್ಧ. ಗಂಡ ತೀರಿಹೋಗಿದ್ದಾರೆ. ಊರಿನ ನೆನಪಿಗೆ ಉಳಿದಿರುವುದು ಆಲಿವ್ ಎಣ್ಣೆ. ನಮ್ಮವರು ಊರಿನಿಂದ ಗಲ್ಫಿಗೆ ಹೋಗುವಾಗ ಉಪ್ಪಿನಕಾಯಿ, ತೆಂಗಿನೆಣ್ಣೆ ಕಟ್ಟಿಕೊಂಡು ಹೋಗುವ ಹಾಗೆ ಆ ಮಗ ಸಣ್ಣ ಬಾಟಲಿಯಲ್ಲಿ ಆಲಿವ್ ಎಣ್ಣೆ ಇಟ್ಟುಕೊಂಡು ತಿರುಗುತ್ತಾನೆ. ಎರಡನೇ ಸೀಸನ್‌ನಲ್ಲಿ ಯುಸ್ರಾ ಹಗಲು ರಾತ್ರಿ ಊರಿನ ಸುದ್ದಿ ನೋಡುತ್ತಾ ಕೂರುತ್ತಾಳೆ. ನಾವೆಂದರೆ ಬರೀ ನೋವಲ್ಲ ಎಂಬರ್ಥದಲ್ಲಿ ಮಗಳು ಉಮ್ಮನಿಗೆ ಬುದ್ಧಿ ಹೇಳುವ ದೃಶ್ಯ ಉಂಟು. ಕೊನೆಯ ಕಂತಿನಲ್ಲಿ ಕುಟುಂಬ ವೆಸ್ಟ್ ಬ್ಯಾಂಕಿನ ಬುರೀನ್ ಎಂಬ ಹಳ್ಳಿಗೆ ಹೋಗುತ್ತದೆ. ಕಥೆ ನಿಲ್ಲುವ ದಿನಾಂಕ 2023ರ ಅಕ್ಟೋಬರ್ 6. ಮರುದಿನದಿಂದ ಏನಾಯಿತು ಅಂತ ನೋಡುವವರಿಗೆ ಗೊತ್ತು, ಆ ಮನೆಯವರಿಗೆ ಗೊತ್ತಿಲ್ಲ.

2025ರ ಎಮ್ಮಿಯ ಹಾಸ್ಯ ಧಾರಾವಾಹಿ ವಿಭಾಗದಲ್ಲಿ ಎಂಟು ಹೆಸರು ಇತ್ತು, 'ಮೋ' ಇರಲಿಲ್ಲ. ನಾಯಕ ನಟರ ಪಟ್ಟಿಯಲ್ಲಿ ಮೋ ಆಮರ್ ಇಲ್ಲ, ಪೋಷಕ ನಟಿಯರ ಏಳು ಹೆಸರಿನಲ್ಲಿ ಫರಾಹ್ ಇಲ್ಲ. ಅದೇ ವರ್ಷ ಆ ಪೋಷಕ ನಟಿ ಪ್ರಶಸ್ತಿ ಗೆದ್ದ ಹನ್ನಾ ಐನ್‌ಬೈಂಡರ್ ವೇದಿಕೆಯಲ್ಲೇ ಫೆಲೆಸ್ತೀನ್ ಸ್ವತಂತ್ರವಾಗಲಿ ಎಂದರು. ಸ್ಪ್ಯಾನಿಷ್ ನಟ ಹಾವಿಯೆರ್ ಬಾರ್ಡೆಮ್ ಕೊರಳಿಗೆ ಕೆಫಿಯೆ ಸುತ್ತಿಕೊಂಡು ಬಂದರು. ಅವರ ಧೈರ್ಯಕ್ಕೆ ಮೆಚ್ಚುಗೆ ಇರಲಿ. ಆದರೆ ವಿಚಿತ್ರ ನೋಡಿ. ಫೆಲೆಸ್ತೀನಿನ ಹೆಸರು ವೇದಿಕೆಯಲ್ಲಿ ಕೇಳಿತು, ಫೆಲೆಸ್ತೀನಿ ಮನೆಯೊಂದರ ಉಮ್ಮನ ಹೆಸರು ಆ ಪಟ್ಟಿಯಲ್ಲಿ ಕಾಣಲಿಲ್ಲ. ಪರರು ನಮ್ಮ ಪರವಾಗಿ ಮಾತಾಡುವುದು ಒಂದು. ನಮ್ಮ ಕಥೆಯನ್ನು ನಾವೇ ಹೇಳಿದಾಗ ಕೂತು ಕೇಳುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ನಿಮಿಷ ಸಾಕು, ಎರಡನೆಯದಕ್ಕೆ ಹದಿನಾರು ಕಂತು ನೋಡುವ ತಾಳ್ಮೆ ಬೇಕು.

ಮಕ್ಕಳ ಜೊತೆ ನೋಡಬಹುದಾ?

ಇಷ್ಟು ಬರೆದ ಮೇಲೆ ಇದನ್ನು ಹೇಳದಿದ್ದರೆ ಆಗುವುದಿಲ್ಲ. ಈ ಪಟ್ಟಿಯಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬಹುದಾದದ್ದು 'ಮಿಸ್ ಮಾರ್ವೆಲ್' ಒಂದೇ. ಅದರಲ್ಲೂ ಜಿನ್ನ್‌ಗಳ ವಿಷಯ ಬರುತ್ತದೆ, ಅದು ಬರೀ ಕಥೆ ಅಂತ ಮಕ್ಕಳಿಗೆ ಹೇಳಿಕೊಡಬೇಕು. 'ರಾಮಿ' ಮತ್ತು 'ದಿ ನೈಟ್ ಆಫ್'ನಲ್ಲಿ ಮನೆಮಂದಿ ಒಟ್ಟಿಗೆ ನೋಡಲಾಗದ ದೃಶ್ಯಗಳಿವೆ. 'ಮೋ'ದಲ್ಲಿ ಬೈಗುಳ, ಅಮಲಿನ ಚಟದ ವಿಷಯ ಉಂಟು. 'ಮಾಸ್ಟರ್ ಆಫ್ ನನ್' ಕೂಡ ದೊಡ್ಡವರಿಗೆ. ಮಗನ ಬದುಕನ್ನು ಮೆಚ್ಚಿ ನಾನು ಈ ಪಟ್ಟಿ ಮಾಡಿದ್ದಲ್ಲ. ಮಗ ಎಷ್ಟು ದೂರ ಹೋದರೂ ಬಾಗಿಲಿನ ಚಿಲಕ ಹಾಕದೆ ಕಾಯುವವರಿಗಾಗಿ ಮಾಡಿದ್ದು.

ನಮ್ಮ ಮನೆ ಯಾವಾಗ?

ನಮ್ಮದೇ ಭಾಷೆಯ 'ಬ್ಯಾರಿ' ಸಿನಿಮಾ 2011ನೇ ಸಾಲಿನ ಉತ್ತಮ ಕಥಾಚಿತ್ರ ರಾಷ್ಟ್ರ ಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತ್ತು. ಆಗ ಬ್ಯಾರಿ ಎಂಬ ಭಾಷೆ ಇದೆ ಅಂತ ದೇಶಕ್ಕೆ ಗೊತ್ತಾಯಿತು. ಆದರೆ ದಿನಾ ಸಂಜೆ ನಮ್ಮ ಮನೆಗಳಲ್ಲಿ ಓಡುವ ಕನ್ನಡ ಧಾರಾವಾಹಿಗಳಲ್ಲಿ ಒಂದು ಬ್ಯಾರಿ ಮನೆಯ ಅಡುಗೆ ಕೋಣೆಯನ್ನು ನಾನು ಇನ್ನೂ ನೋಡಿಲ್ಲ. ಮೀನು ತರಲು ಬಂದರಿಗೆ ಹೋಗುವ ಉಪ್ಪ, ವಿಡಿಯೋ ಕಾಲ್‌ನಲ್ಲಿ ಗಂಡನಿಗೆ ಮಗುವಿನ ಮೊದಲ ಹೆಜ್ಜೆ ತೋರಿಸುವ ಉಮ್ಮ, ಮದುವೆ ಮಾತುಕತೆಗೆ ಬಂದವರೆದುರು ಪತ್ತಿರಿ ತಟ್ಟೆ ಇಡುವ ಅಜ್ಜಿ. ಇವರನ್ನು ಅಮೆರಿಕದವರು ಬಂದು ಬರೆಯುವುದಿಲ್ಲ.

ಮಂಗಳೂರಿನ ಕಾಲೇಜುಗಳಲ್ಲಿ ಪತ್ರಿಕೋದ್ಯಮ, ಸಿನಿಮಾ, ಎಡಿಟಿಂಗ್ ಅಂತ ಕಲಿಯುವ ನಮ್ಮ ಮಕ್ಕಳು ಈಗ ಬೇಕಾದಷ್ಟು ಇದ್ದಾರೆ. ಕಿರುಚಿತ್ರ ಮಾಡುವ ಹುಡುಗರೂ ಇದ್ದಾರೆ. ಮುಂದಿನ ಸಲ ಕ್ಯಾಮೆರಾ ಎತ್ತುವಾಗ ನಾಯಕನನ್ನು ಒಂದು ಗಳಿಗೆ ಬದಿಗಿರಿಸಿ, ಹಿಂದೆ ಅಡುಗೆ ಕೋಣೆಯ ಬಾಗಿಲಿನಲ್ಲಿ ನಿಂತವರ ಕಡೆ ತಿರುಗಿಸಿ ನೋಡಿ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ. ತಿರುನಲ್ವೇಲಿಯ ಡಾಕ್ಟರರ ಹಾಗೆ, ನಿಮ್ಮ ಉಪ್ಪನೂ ಕೇಳಿದರೆ ಒಂದು ವಾರ ರಜೆ ಹಾಕಿಯಾರು.